ರಾಜ ಕೇಳಿದ ತೋಟ, ನನ್ನ ಬಸಳೆ ಚಪ್ಪರ

ಸೌದಿಯ ಜುಬೈಲಿನ ಕೆಲಸಗಾರರ ಕ್ಯಾಂಪಿನಲ್ಲಿ ನಮ್ಮ ರೂಮಿನ ಹಿಂದೆ ನಾನು ಬಸಳೆ ಬೆಳೆಸಿದ್ದೇನೆ. ಮರಳಿಗೆ ಗೊಬ್ಬರ ಬೆರೆಸಿ, ಎಸಿಯಿಂದ ಸೋರುವ ನೀರನ್ನು ಅತ್ತ ತಿರುಗಿಸಿ, ಹಳೆಯ ಪೈಪುಗಳಿಂದ ಚಪ್ಪರ ಕಟ್ಟಿದ್ದು ನಾನೊಬ್ಬನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ದುಡಿಮೆಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಪಕ್ಕದ ರೂಮಿನಲ್ಲಿರುವ ಭಟ್ಕಳದ ಸೂಪರ್‌ವೈಸರ್ ಆ ಜಾಗದ ಮೇಲೆ ಕಣ್ಣು ಹಾಕಿದರು. "ಅದು ನನಗೆ ಬಿಡು, ಟೊಮೆಟೊ ಹಾಕ್ತೇನೆ. ಗೇಟಿನ ಹತ್ತಿರ ನಿನಗೆ ದೊಡ್ಡ ಜಾಗ ಕೊಡಿಸ್ತೇನೆ," ಎಂದರು. ಕೊಡುವುದಿಲ್ಲ ಎಂದೆ. ಅವರು ಮುಖ ಊದಿಸಿಕೊಂಡು ನಮ್ಮ ರೂಮಿಗೆ ಊಟಕ್ಕೆ ಬರುವುದನ್ನೇ ಬಿಟ್ಟರು. ಮನಸ್ಸು ಮಾಡಿದರೆ ನನ್ನನ್ನು ಬೇರೆ ಕ್ಯಾಂಪಿಗೆ ಹಾಕಿಸಬಲ್ಲವರು ಅವರು. ಒಳಗೊಳಗೆ ನನಗೂ ಹೆದರಿಕೆಯಿತ್ತು.

ಶುಕ್ರವಾರ ನಮಾಜು ಮುಗಿಸಿ ಬರುತ್ತಿದ್ದ ಅವರನ್ನು ನನ್ನ ರೂಮಿನ ವೆಲ್ಡರ್, ಉಡುಪಿ ಕಡೆಯ ಕ್ರಿಶ್ಚಿಯನ್, ಕರೆದು ಕೂರಿಸಿದ.

"ಭಾಯ್, ನಮ್ಮ ಬೈಬಲಿನಲ್ಲಿ ನಿಮ್ಮ ಹಾಗೇ ಒಬ್ಬ ಇಸ್ರೇಲಿನ ರಾಜ ಇದ್ದಾನೆ. ಅರಮನೆ ಪಕ್ಕದ ದ್ರಾಕ್ಷಿ ತೋಟ ಬೇಕು, ತರಕಾರಿ ಹಾಕ್ಬೇಕು ಅಂದ. ತೋಟದವ ಇದು ಅಜ್ಜಂದಿರ ಜಾಗ, ಕೊಡುದಿಲ್ಲ ಅಂದ. ರಾಜ ಊಟ ಬಿಟ್ಟು ಮುಖ ತಿರುಗಿಸಿ ಮಲಗಿದ."

"ಆಮೇಲೆ ಎಂತ ಆಯ್ತು?" ಎಂದರು ಸೂಪರ್‌ವೈಸರ್.

"ರಾಣಿ ಸುಳ್ಳು ಸಾಕ್ಷಿ ನಿಲ್ಲಿಸಿ ತೋಟದವನನ್ನು ಕೊಲ್ಲಿಸಿದಳು. ರಾಜ ಒಂದು ಮಾತೂ ಕೇಳದೆ ಹೋಗಿ ತೋಟ ತಗೊಂಡ. ದೇವರು ಅವನನ್ನು ಬಿಡ್ಲಿಲ್ಲ."

ಸೂಪರ್‌ವೈಸರ್ ನನ್ನ ಕಡೆ ತಿರುಗಿದರು.

"ನನ್ನ ಹೆಂಡತಿ ಊರಲ್ಲಿದ್ದಾಳೆ. ನೀನು ಬಚಾವ್ ಮಾರಾಯ. ಬಸಳೆ ಸಾರು ಉಂಟಾ?"

ಇತ್ತು, ಸಿಗಡಿ ಹಾಕಿದ್ದು. ಎರಡು ಸಲ ಹಾಕಿಸಿಕೊಂಡರು. ಸಂಜೆ ನಾನಾಗಿಯೇ ನಾಲ್ಕು ದಂಟು ಕತ್ತರಿಸಿ ಅವರ ಕಿಟಕಿಯ ಕೆಳಗೆ ನೆಟ್ಟುಕೊಟ್ಟೆ. ಅಂಥ ಕೆಲಸ ಅವರ ಕೈಯಿಂದ ಆಗುವುದಲ್ಲ.