ಹೆಡ್ಮಾಸ್ತರರು ಹತ್ತದ ಟ್ರಾಲಿ

ಟ್ರಾಲಿ ಮಗುಚಿದ ಸದ್ದು ಇನ್ನೂ ಕಿವಿಯಲ್ಲಿದೆ. ಎಂಟು ದಿನವಾಯಿತು. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೂ ಬೆಚ್ಚುತ್ತೇನೆ.

ನವಲಗುಂದದ ಕಡೆಯ ಒಂದು ಹಳ್ಳಿ. ಅಲ್ಲಿಯ ಹೈಸ್ಕೂಲಿನ ಹೆಡ್ಮಾಸ್ತರರಿಗೆ ಕಲಘಟಗಿಗೆ ಟ್ರಾನ್ಸ್‌ಫರ್ ಆಗಿತ್ತು. ಮೆಚ್ಚಿನ ಮಾಸ್ತರರನ್ನು ಸಿಂಗರಿಸಿದ ಟ್ರ್ಯಾಕ್ಟರಿನಲ್ಲಿ ಕೂಡಿಸಿ ಬಸ್ ಸ್ಟ್ಯಾಂಡಿನವರೆಗೆ ಮೆರೆಸುವುದು ಆ ಊರಿನ ರೂಢಿ. ನನ್ನ ತಂಗಿಯ ಮಗಳು ಸುಜಾತಾ ಅಲ್ಲೇ ಎಂಟನೆಯ ಇಯತ್ತೆ. "ಮೌಶಿ, ನೀನೂ ಬಾ" ಎಂದಳು. ಹೋದೆ.

ಬಾಳೆಕಂಬ, ಚೆಂಡುಹೂವು, ಬಲೂನು. ಸ್ಟೇರಿಂಗ್ ಹಿಡಿದವನು ಹತ್ತನೆಯ ಇಯತ್ತೆಯ ಮಲ್ಲೇಶಿ. ಮೀಸೆ ಇನ್ನೂ ಮೂಡಿಲ್ಲ. ಅವನ ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. "ಈಗ ಹೊಲದಿಂದ ಹೊಡಕೊಂಡ ಬಂದಾನ್ರಿ. ಹನ್ನೆರಡ ವರ್ಷಕ್ಕ ಕಲ್ತಾಂವ!"

ಟ್ರಾಲಿ ತುಂಬ ಮಕ್ಕಳು. ಸುಜಾತಾಳನ್ನು ಕೈಕೊಟ್ಟು ಹತ್ತಿಸಿದವಳು ನಾನೇ. (ಬಿ.ಎ. ಓದಿದವಳು!)

ಹೆಡ್ಮಾಸ್ತರರು ಬಂದು ನೋಡಿದರು. "ಎಲ್ಲಾರೂ ಇಳೀರಿ. ಟ್ರಾಲಿ ಇರೂದು ಚೀಲ ಹೇರಾಕ, ನಿಮ್ಮನ್ನ ಹೇರಾಕಲ್ಲ. ನಡಕೋತ ಹೋಗೂಣು."

ಮಕ್ಕಳ ಮುಖ ಬಾಡಿತು. "ಇವತ್ತೊಂದ ದಿನ ಬಿಡ್ರಿ ಸರ" ಎಂದೆ.

"ಸಂಜೀತನಕ ನಾನ ಹೆಡ್ಮಾಸ್ತರ್ರಿ, ಬಾಯಾರ" ಎಂದು ನಕ್ಕರು.

"ನೀವರ ಕುಂದರ್ರಿ ಸರ, ಖುರ್ಚಿ ಹಾಕೇವಿ" ಎಂದು ಮಲ್ಲೇಶಿಯ ಅಪ್ಪ ಅಂಗಲಾಚಿದ.

"ನನಗ ಕಾಲ ಅದಾವಪಾ."

ಖಾಲಿ ಟ್ರಾಲಿ ಮುಂದೆ, ಮುನಿಸಿಕೊಂಡ ನಾವೆಲ್ಲ ಹಿಂದೆ. ಹೋಗುವ ದಿನವೂ ಇಷ್ಟು ಬಿಗಿಯೇ ಎಂದು ನಾನೂ ಗೊಣಗಿದೆ.

ಹಳ್ಳದ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಮಲ್ಲೇಶಿ ಬ್ರೇಕ್ ಒತ್ತಿದ. ಟ್ರ್ಯಾಕ್ಟರ್ ನಿಲ್ಲಲಿಲ್ಲ, ಗಕ್ಕನೆ ಬಲಕ್ಕೆ ತಿರುಗಿತು. ಹಿಂದಿನ ಟ್ರಾಲಿ ರಸ್ತೆಯಂಚಿನಿಂದ ಜಾರಿ, ಕೊಂಡಿ ಕಿತ್ತು, ಹಳ್ಳಕ್ಕೆ ಮಗುಚಿತು. ಖುರ್ಚಿ ಅದರಡಿ ಅಪ್ಪಚ್ಚಿ. ಮಲ್ಲೇಶಿ ಸ್ಟೇರಿಂಗ್ ಅಪ್ಪಿಕೊಂಡು ಕೂತಿದ್ದ.

ಹೆಡ್ಮಾಸ್ತರರು ಓಡಿ ಹೋಗಿ ಎಂಜಿನ್ ಬಂದ್ ಮಾಡಿದರು. ಅವನನ್ನು ಇಳಿಸಿ ನೀರು ಕುಡಿಸಿದರು. "ಬ್ರೇಕ್ ಕೂಡಿಸಿದ್ದೇನಲೇ?"

"ಮರ್ತೆ ಸರ..."

(ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗೆ ಎರಡು ಬೇರೆ ಬ್ರೇಕಂತೆ. ಹೊಲದಲ್ಲಿ ಥಟ್ಟನೆ ತಿರುಗಿಸಲು ಅದೇ ಅನುಕೂಲ. ರಸ್ತೆಗೆ ಬರುವ ಮುನ್ನ ಚಿಲಕ ಹಾಕಿ ಎರಡನ್ನೂ ಕೂಡಿಸಬೇಕು. ಮರೆತರೆ ಒಂದೇ ಗಾಲಿ ನಿಲ್ಲುತ್ತದೆ, ಇನ್ನೊಂದು ಓಡುತ್ತದೆ.)

ಅವರು ಬೈಯಲಿಲ್ಲ. ಕೊರಳ ಮಾಲೆ ತೆಗೆದಿಟ್ಟು ರಸ್ತೆಯ ಮೇಲೇ ಪಾಠ ಶುರು ಮಾಡಿದರು. "ಟ್ರ್ಯಾಕ್ಟರ್ ಹೊಡ್ಯಾವ್ರು ಕೈ ಎತ್ರಿ."

ಇಪ್ಪತ್ತಾದರೂ ಕೈ ಎದ್ದವು. ಒಬ್ಬೊಬ್ಬರಿಂದಲೂ ಆ ಚಿಲಕ ಹಾಕಿಸಿದರು. ಆಮೇಲೆ, "ಲೈಸನ್ಸ್ ಇದ್ದಾವ್ರು?"

ಒಂದು ಕೈಯೂ ಏಳಲಿಲ್ಲ. ಅಪ್ಪಂದಿರು ನೆಲ ನೋಡಿದರು.

ಅವರ ಬಸ್ಸು ತಪ್ಪಿತು. ಮುಂದಿನದು ಬಂದಾಗ ಏನಾದರೂ ಹೇಳಬೇಕೆಂದಿದ್ದೆ. ಸುಜಾತಾಳ ಕೈ ಹಿಡಿದು ಅಳುತ್ತ ನಿಂತೆ, ಅಷ್ಟೆ. ಇಲ್ಲಿ ಹೇಳುತ್ತೇನೆ: ಸರ, ನನ್ನ ಮಾತು ಕೇಳದೇ ಇದ್ದದ್ದಕ್ಕೆ ನಾನು ನಿಮಗೆ ಋಣಿ.

ಸೋಮವಾರ ಕುಂದಗೋಳದಿಂದ ಹೊಸ ಹೆಡ್ಮಾಸ್ತರರು ಬರುತ್ತಾರೆ. ಅವರ ಸ್ವಾಗತಕ್ಕೂ ಟ್ರ್ಯಾಕ್ಟರ್ ಸಿಂಗರಿಸುತ್ತಾರಂತೆ. ಸಿಂಗರಿಸಲಿ. ಹೊಡೆಯುವುದು ಅಪ್ಪನೋ, ಮಗನೋ?