ಅಜ್ಜಿಗೆ ಬಲಗೈಯಾದ ಮೊಮ್ಮಕ್ಕಳು

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಡಬ್ಬಿ ಅಜ್ಜಿ ಎಂದೇ. ಮದುವೆಯಾದ ಹೊಸತರಲ್ಲಿ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆ ಸೇರಿದವಳು ತಲೆ ನರೆಯುವವರೆಗೂ ಅಲ್ಲೇ ದುಡಿದಳು. ಚಪ್ಪಲಿ ಡಬ್ಬಿ, ಔಷಧಿ ಡಬ್ಬಿ, ಗಾಜಿನ ಲೋಟದ ಡಬ್ಬಿ, ಯಾವುದೇ ಇರಲಿ, ಪಕ್ಕದವಳ ಜೊತೆ ಹರಟುತ್ತಲೇ ಮಡಚಿ, ಅಂಟಿಸಿ, ಅತ್ತ ಸರಿಸುತ್ತಿದ್ದಳು. ಮಡಿಕೆಯ ಮೇಲೆ ಬಲಗೈ ಹೆಬ್ಬೆರಳನ್ನು ಒಮ್ಮೆ ಎಳೆದರೆ ಮುಗಿಯಿತು, ಗೆರೆ ಕೊರೆದಂತೆ ಕೂರುತ್ತಿತ್ತು. "ನನ್ನ ಹೆಬ್ಬೆರಳಿಗಿಂತ ನೆಟ್ಟಗಿರೋ ಅಡಿಪಟ್ಟಿ ಇದ್ರೆ ತಗೊಂಡ್ ಬನ್ನಿ ನೋಡೋಣ" ಎಂದು ಮೇಸ್ತ್ರಿಯ ಬಾಯಿ ಮುಚ್ಚಿಸಿದ ಗಟ್ಟಿಗಿತ್ತಿ.

ಅಂಥವಳ ಕೈಯಿಂದ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಕೈ ಮಾತು ಕೇಳಲಿಲ್ಲ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಮರಳಿತ್ತು, ನಡಿಗೆಯೂ ಕುಂಟುತ್ತಾ ಕುಂಟುತ್ತಾ ಬಂದಿತ್ತು. ಬಲಗೈ ಮಾತ್ರ ಬರಲಿಲ್ಲ. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಹಿಸುಕುವುದಕ್ಕೆಂದು ರಬ್ಬರ್ ಚೆಂಡು ಕೊಟ್ಟಿದ್ದರು. "ಚೆಂಡಾಡೋ ವಯಸ್ಸಾ ನಂದು?" ಎಂದು ಅಜ್ಜಿ ಅದನ್ನು ಮಂಚದಡಿಗೆ ಉರುಳಿಸಿದಳು. ಯಾರಾದರೂ ನೋಡಲು ಬಂದರೆ ಕೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಳ್ಳುವಳು. ಬಾಯಿ ತುಂಬ ಮಾತಾಡುತ್ತಿದ್ದವಳು ಹ್ಞೂಂ, ಉಹ್ಞೂಂ ಎನ್ನುವಷ್ಟಕ್ಕೆ ಇಳಿದಿದ್ದಳು.

ಬೇಸಿಗೆ ರಜೆ ಬಂತು. ಮಗಳು ತನ್ನಿಬ್ಬರು ಮಕ್ಕಳನ್ನು ತಂದು ಬಿಟ್ಟು ಹೋದಳು. ಹತ್ತು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ. ಇಬ್ಬರೂ ಸೇರಿದರೆಂದರೆ ಕೇಳಬೇಕೆ? ದಿಂಬು ಹರಿಯಿತು, ಬಾಗಿಲ ಚಿಲಕ ಕಿತ್ತುಬಂತು. ಸೊಸೆ ಸೌಟು ಹಿಡಿದುಕೊಂಡೇ ಓಡಿಬಂದಳು.

"ಅತ್ತೆ, ನಿಮ್ಮ ದಮ್ಮಯ್ಯ, ಅಡುಗೆ ಆಗೋ ತನಕ ಇವೆರಡನ್ನೂ ಹಿಡಿದಿಟ್ಕೊಳ್ಳಿ."

ಮೊಮ್ಮಗ ಅಜ್ಜಿಯದೇ ಮಾತ್ರೆಯ ಖಾಲಿ ಡಬ್ಬಿ ತಂದು ಅವಳ ಮಡಿಲಲ್ಲಿಟ್ಟ. "ಇದ್ರಲ್ಲಿ ಆನೆ ಮಾಡ್ಕೊಡು."

ಅಜ್ಜಿ ಎಡಗೈಯಲ್ಲೇ ರಟ್ಟು ಬಿಡಿಸಿ ಮಡಚಲು ನೋಡಿದಳು. ಮಡಿಕೆ ಸೊಟ್ಟಗಾಯಿತು. ಇನ್ನೊಮ್ಮೆ ನೋಡಿದಳು, ರಟ್ಟು ಸೀಳಿತು. ಬದುಕಿನಲ್ಲಿ ಒಂದು ಡಬ್ಬಿಯನ್ನೂ ಸೊಟ್ಟಗೆ ಮಾಡದವಳಿಗೆ ಮೈಯೆಲ್ಲ ಉರಿದುಹೋಯಿತು. "ಆಗಲ್ಲ ಹೋಗು!" ಎಂದು ಅದನ್ನು ಗೋಡೆಗೆ ಎಸೆದಳು. ಹುಡುಗನ ಮುಖ ಸಪ್ಪಗಾಯಿತು.

ಮೊಮ್ಮಗಳು ಎದ್ದು ರಟ್ಟು ಆಯ್ದುಕೊಂಡು ಬಂದಳು. "ಅಜ್ಜೀ, ನಿನ್ನ ಬಾಯಿ ಚೆನ್ನಾಗೇ ಇದೆಯಲ್ಲ, ಈಗ್ತಾನೆ ಬೈದೆ. ನೀನು ಹೇಳು, ಮಾಡೋದು ನಾವು."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು. ಒಳಗಿದ್ದ ಸೊಸೆ ಇಣುಕಿ ನೋಡಿ, ಸದ್ದು ಮಾಡದೆ ಹಿಂದೆ ಸರಿದಳು.

"ಕಿವಿ ಮೊದಲು ಕತ್ತರಿಸ್ಬೇಡ ಕಣೇ, ಸೊಂಡ್ಲು ಮೊದಲು. ಹಾಂ, ಈಗ ಮಡಚು. ಉಗುರಿನಲ್ಲಿ ಒತ್ತಿ ಎಳಿ, ತಿಕ್ಬೇಡ."

ಆನೆ ಆಯಿತು. ಒಂದು ಕಾಲು ಗಿಡ್ಡವಾಗಿತ್ತು, ಆದರೂ ಬೀಳದೆ ನಿಂತಿತು. ಮೊಮ್ಮಗ ಕೇಕೆ ಹಾಕಿದ.

ಅಂದಿನಿಂದ ತಿಂಡಿ ಮುಗಿದ ಕೂಡಲೇ ಮೂವರೂ ಕಿಟಕಿಯ ಕೆಳಗೆ ಹಳೇ ಪೇಪರು ಹಾಸಿಕೊಂಡು ಕೂರತೊಡಗಿದರು. ಅಜ್ಜಿ ಬೇಗ ದಣಿಯುತ್ತಿದ್ದಳು, ಮೊಮ್ಮಗನಿಗೋ ತಾಳ್ಮೆ ಸಾಸಿವೆಯಷ್ಟು. ಹಾಗಾಗಿ ಅವಳು ಕಷ್ಟದ್ದೇನನ್ನೂ ಹೇಳಿಕೊಡಲಿಲ್ಲ. ಬೆಂಕಿಪೊಟ್ಟಣಗಳನ್ನು ದಾರಕ್ಕೆ ಪೋಣಿಸಿದರೆ ರೈಲು. ಕಾಗದದ ಲೋಟಕ್ಕೆ ಎರಡು ಕಣ್ಣು, ಒಂದು ಮೂತಿ ಬರೆದರೆ ಬೆಕ್ಕು. ಅಂಟು ಒಣಗುವ ಮುಂಚೆಯೇ ಆಟ ಶುರುವಾಗಬೇಕು, ಅದೊಂದೇ ಅವಳ ಕಟ್ಟಳೆ. ಒಮ್ಮೆ ಕಾಗದ ಅಲ್ಲಾಡದಂತೆ ಏನಾದರೂ ಭಾರ ಬೇಕಾದಾಗ ಮೊಮ್ಮಗ ಅತ್ತಿತ್ತ ಹುಡುಕಿ, ಶಾಲಿನೊಳಗಿದ್ದ ಅಜ್ಜಿಯ ಬಲಗೈಯನ್ನೇ ಎರಡೂ ಕೈಯಲ್ಲಿ ಎತ್ತಿ ಕಾಗದದ ಮೇಲಿಟ್ಟ. ಅಜ್ಜಿ ಒಂದು ಗಳಿಗೆ ಬೆಚ್ಚಿದಳು. ಆಮೇಲೆ, "ಸದ್ಯ, ಕಲ್ಲಿನ ಕೆಲಸಕ್ಕಾದ್ರೂ ಬಂತು" ಎಂದಳು. ಆ ಕೈ ಮತ್ತೆ ಶಾಲಿನೊಳಗೆ ಹೋಗಲಿಲ್ಲ.

ಎದುರುಮನೆಯ ಮಕ್ಕಳು ಬಂದರು, ಅವರ ಹಿಂದೆ ಇನ್ನಷ್ಟು ಮಕ್ಕಳು. ರಜೆ ಮುಗಿಯುವಷ್ಟರಲ್ಲಿ ಕಾಗದದ ಮೇಲಿನ ಆ ಕಲ್ಲು ತುಸು ತುಸುವೇ ಒತ್ತುವುದನ್ನು ಕಲಿತಿತ್ತು. ಕೈ ನೋಡಲು ಮನೆಗೆ ಬಂದ ಡಾಕ್ಟರಮ್ಮ ಹುಬ್ಬೇರಿಸಿದರು. "ಏನ್ ಮಾಡಿದ್ರಿ ಅಜ್ಜೀ? ಚೆಂಡು ಹಿಸುಕಿದ್ರಾ?"

"ಚೆಂಡು ಮಂಚದ ಕೆಳಗಿದೆ. ನಾವು ಆನೆ ಮಾಡಿದ್ವಿ."

ಡಾಕ್ಟರಮ್ಮ ಆ ಆನೆಯನ್ನು ತರಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ವಾರಕ್ಕೊಂದು ದಿನ ಆಸ್ಪತ್ರೆಗೆ ಬರ್ತೀರಾ? ನಿಮ್ಮ ಹಾಗೇ ಕೈ ಸೋತವರು ಅಲ್ಲಿ ಬಹಳ ಜನ ಇದಾರೆ. ನಾನು ಹೇಳಿದ್ರೆ ಆಕಳಿಸ್ತಾರೆ."

ಮಕ್ಕಳು ಊರಿಗೆ ಹೊರಟ ಮೇಲೆ ಅಜ್ಜಿ ಎರಡು ದಿನ ಮಂಕಾಗಿದ್ದಳು. ಮೂರನೆಯ ದಿನ ಸೊಸೆಗೆ ಹೇಳಿ ಖಾಲಿ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಸಿಕೊಂಡು ಆಸ್ಪತ್ರೆಗೆ ಹೊರಟಳು.

ಅಲ್ಲಿ ಉದ್ದನೆಯ ಮೇಜಿನ ತುದಿಯಲ್ಲಿ ಒಬ್ಬ ಹಳೇ ಬಸ್ ಡ್ರೈವರ್ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಅವನಿಗೆ ಸೋತಿದ್ದು ಎಡಗೈ. "ಮಕ್ಕಳಾಟ ಆಡಕ್ಕೆ ಬಂದಿಲ್ಲಮ್ಮ ನಾನು" ಎಂದು ಗುರುಗುಟ್ಟಿದ.

ಅಜ್ಜಿ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. "ನನ್ನತ್ರ ಎಡಗೈ ಇದೆ, ನಿಮ್ಮತ್ರ ಬಲಗೈ ಇದೆ. ಇಬ್ಬರನ್ನೂ ಸೇರಿಸಿದ್ರೆ ಒಬ್ಬ ಪೂರ್ತಿ ಆಳು ಆಗ್ತಾನೆ. ಹಿಡ್ಕೊಳ್ಳಿ ಇತ್ಲಾ ಕಡೆ."

ಅವನು ಹಿಡಿದುಕೊಂಡ. ಟೂತ್‌ಪೇಸ್ಟಿನ ಉದ್ದ ಡಬ್ಬಿಗೆ ಕಿಟಕಿ ಕೊರೆದರು, ಬಾಟಲಿ ಮುಚ್ಚಳದ ಚಕ್ರ ಅಂಟಿಸಿದರು. ಡ್ರೈವರ್ ಬಸ್ಸನ್ನು ಮೇಜಿನ ಮೇಲಿಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ.

"ಸ್ಟೇರಿಂಗ್ ಎಲ್ಲಿ?"

"ಅದು ಬರೋ ವಾರ" ಎಂದಳು ಅಜ್ಜಿ.

ಮುಂದಿನ ವಾರ ಅವಳು ಹೋದಾಗ ಅವನು ಬಸ್ಸನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೂ ಬೀಗ ತೆಗೆಯದ ವ್ಯಾಯಾಮದ ಕೋಣೆಯ ಬಾಗಿಲ ಮುಂದೆ ಕೂತಿದ್ದ.