ಮುಳುಗಿದ ಗುಡ್ಡ, ಮುಚ್ಚದ ಬಾವಿ

ಮೊಮ್ಮಕ್ಕಳೇ, ನಮ್ಮ ಹೊಲದ ಹಳೆಯ ಬಾವಿಯನ್ನು ಸೋಮವಾರ ಮುಚ್ಚುವುದೆಂದು ಮನೆಯಲ್ಲಿ ಮಾತಾಗಿತ್ತು. ಬೋರು ಕೊರೆಸಿದ ಮೇಲೆ ಅದು ಯಾರಿಗೂ ಬೇಕಾಗಿರಲಿಲ್ಲ. ಬೇಸಿಗೆಯಲ್ಲಿ ಅದರಲ್ಲಿ ನೀರೂ ಇರುತ್ತಿರಲಿಲ್ಲ. ಆ ಜಾಗದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡು ಹಾಕಿದರೆ ತೋಟಕ್ಕೆ ಹತ್ತಿರವಾಗುತ್ತದೆ ಎಂದು ನನ್ನ ಹಿರಿಮಗ, ನಿಮ್ಮ ದೊಡ್ಡಪ್ಪ, ಹೇಳಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡೆ.

ಆ ಬಾವಿಯನ್ನು ತೋಡಿದವರು ನಿಮ್ಮ ಮುತ್ಯಾ ಮತ್ತು ನಾನು, ಮದುವೆಯಾದ ಹೊಸದರಲ್ಲಿ. ಅವರು ಕೆಳಗೆ ಹಾರೆ ಹಾಕಿ ಕಲ್ಲು ಎಬ್ಬಿಸುತ್ತಿದ್ದರು, ನಾನು ಬುಟ್ಟಿಯಲ್ಲಿ ಹೊತ್ತು ಮೇಲೆ ತರುತ್ತಿದ್ದೆ. ಅವರು ಹೋದ ಮೇಲೆ ಅವರ ಕೈಯ ಗುರುತು ಅಂತ ಉಳಿದದ್ದು ಅದೊಂದೇ. ಮುಚ್ಚಬೇಡ ಎಂದು ಮಗನಿಗೆ ಹೇಳಲು ನಾಲ್ಕು ದಿನ ಬಾಯಿ ತೆರೆದೆ, ಮುಚ್ಚಿದೆ. ನನ್ನ ಸ್ವಭಾವವೇ ಹಾಗೆ. ಚಿಕ್ಕವಳಿದ್ದಾಗ ಘೋಣಸಗಿಯ ಸಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ.

ಶನಿವಾರ ಮಧ್ಯಾಹ್ನ ಅವನ ಮಗಳು, ನಿಮ್ಮೆಲ್ಲರ ದೊಡ್ಡಕ್ಕ, ವಿಜಯಪುರದಲ್ಲಿ ಸಾಲೆ ಮುಗಿಸಿ ತಿಕೋಟಾ ಬಸ್ಸಿನಿಂದ ಇಳಿದು ಬಂದಳು. ಮುಖ ಗಂಟು ಹಾಕಿಕೊಂಡಿದ್ದಳು. ಇಂಡೋನೇಷ್ಯಾದ ಕಡೆ ಕ್ರಕಟೋವಾ ಎಂಬ ದ್ವೀಪವಿದೆಯಂತೆ. ಅಲ್ಲಿ ಸಿಡಿದು ಮುಳುಗಿದ ಗುಡ್ಡದ ಕಥೆಯನ್ನು ಸೋಮವಾರ ಅವಳು ತರಗತಿಯ ಮುಂದೆ ನಿಂತು ಹೇಳಬೇಕಿತ್ತು. ಮೊದಲು ನನ್ನ ಮುಂದೆ ಹೇಳಿ ನೋಡಿದಳು. ನಾನು ಶೇಂಗಾ ಸುಲಿಯುತ್ತ ಕೂತಿದ್ದೆ.

"ಆಯಿ, ಆ ದ್ವೀಪದಾಗ ಮೂರು ಗುಡ್ಡ ಇದ್ವು. ಅದರಾಗ ಸಣ್ಣದು ಒಮ್ಮೆ ಬೆಂಕಿ ಉಗುಳಿ, ಆಮ್ಯಾಲೆ ಎರಡನೂರು ವರ್ಷ ಸುಮ್ನ ಮಲಗಿತ್ತು. ಮ್ಯಾಲೆ ಗಿಡಾನೂ ಬೆಳದ್ವು. ಒಂದಿನ ಹೊಗಿ ಬರಾಕತ್ತಿತು. ಜನ ಹಡಗಿನ್ಯಾಗ ಕುಂತು ನೋಡಾಕ ಹೋಗಿದ್ರಂತ!"

"ಬುತ್ತಿ ಕಟಗೊಂಡು?"

"ಕಟಗೊಂಡ ಹೋಗಿರಬೇಕು. ಮೂರು ತಿಂಗಳಿಗೆ ಎಲ್ಲಾ ಸಿಡದು ಹೋತು. ಆ ಗುಡ್ಡಾನ ಇಲ್ಲ! ನಡುವಿಂದೂ ಹೋತು. ಮೂರನೇದು ಅರ್ಧಾ ಸೀಳಿ ನಿಂತೈತಿ. ಸಮುದ್ರದ ನೀರು ಎದ್ದು ದಂಡಿ ಮ್ಯಾಲಿನ ಊರೆಲ್ಲಾ ಒಯ್ತು. ಈಗ ಅದ ಜಾಗಾದಾಗ ಮತ್ತೊಂದು ಮರಿಗುಡ್ಡ ಎದ್ದೈತಿ."

ಶಿವನೇ ಎಂದೆ. ಕಥೆ ಚೆನ್ನಾಗಿಯೇ ಹೇಳಿದ್ದಳು. ಆದರೆ ಅವಳ ಚಿಂತೆ ಬೇರೆಯಿತ್ತು.

"ಗುಡ್ಡಾನ ಇಲ್ಲಂದ ಮ್ಯಾಲೆ, ಅದು ಅದಕ್ಕೂ ಹಿಂದ ಎಷ್ಟ ಸಲ ಉಗುಳಿತ್ತು, ಯಾವಾಗ ಸುಮ್ನಿತ್ತು, ಹೆಂಗ ಗೊತ್ತಾಗತೈತಿ? ಪುಸ್ತಕದಾಗ ಕಲ್ಲುಮಣ್ಣಿನ ಪದರಗಳಿಂದ ಅಂತ ಬರದಾರ ಅಷ್ಟ. ಟೀಚರ್ ಇದನ್ನ ಕೇಳತಾರ, ನಂಗ ತಿಳಿವಲ್ದು."

"ಒಂದು ಅರ್ಧಾ ಸೀಳಿ ನಿಂತೈತಿ ಅಂದೆಲ್ಲ? ಅದರ ಗ್ವಾಡಿ ನೋಡಿದ್ರ ಆತು." ಮಾತು ತಾನಾಗಿ ಬಾಯಿಂದ ಬಂತು. "ನಡಿ, ಬಾವಿಗೆ ಹೋಗೂಣು."

ಬಾವಿಯ ಮೆಟ್ಟಿಲ ಮೇಲೆ ಕೂತು ತೋರಿಸಿದೆ. ಮೇಲೆ ಕರಿ ಎರೆಮಣ್ಣು, ಅದರ ಕೆಳಗೆ ನುರುಜುಗಲ್ಲಿನ ಗರಸು, ಆಮೇಲೆ ಕರಿಕಲ್ಲು. ಕರಿಕಲ್ಲಿನ ನಡುವೆ ಒಂದು ಗೇಣು ಅಗಲದ ಕೆಂಪು ಪಟ್ಟಿ, ಅದರಡಿ ಮತ್ತೆ ಕರಿಕಲ್ಲು. ತೋಡುವಾಗ ಆ ಕೆಂಪು ಕಂಡ ದಿನ ಮುತ್ಯಾ ಹಾರೆ ನಿಲ್ಲಿಸಿ, "ಇಲ್ಲಿ ನಿನಗಿಂತ ಮೊದಲ ಯಾರೋ ಒಲಿ ಹೂಡ್ಯಾಳ ನೋಡ" ಎಂದಿದ್ದರು.

"ನನಗಿಂತ ಚೊಲೊ ರೊಟ್ಟಿ ಮಾಡತಿದ್ಲೇನ್ರಿ ಅಕಿ?" ಎಂದು ನಾನು ಕೇಳಿದೆ. ಅವರೆದುರು ಹಾಗೆ ಮಾತಾಡಿದ್ದು ಅದೇ ಮೊದಲು. ಇಬ್ಬರೂ ಬಾವಿಯ ತಳದಲ್ಲಿ ನಿಂತು ನಕ್ಕೆವು. ಕರಿನೆಲದವರಿಗೆ ಕೆಮ್ಮಣ್ಣು ಸಿಗುವುದು ಅಪರೂಪ. ಆ ಕೆಂಪನ್ನು ಸೆರಗಿನಲ್ಲಿ ಕಟ್ಟಿ ತಂದು ನಾನು ಬಹಳ ವರ್ಷ ಒಲೆಗೆ ಸಾರಿಸಿದೆ.

ಮೊಮ್ಮಗಳು ಗೋಡೆಯನ್ನು ಕೈಯಿಂದ ಸವರಿ ನೋಡಿದಳು. ನಮ್ಮ ಕರಿಕಲ್ಲೂ ಒಂದು ಕಾಲಕ್ಕೆ ನೆಲದೊಳಗಿಂದ ಬೆಂಕಿಯಾಗಿ ಹರಿದು ಆರಿದ್ದು ಎಂದು ಅವಳ ಟೀಚರ್ ಹೇಳಿದ್ದರಂತೆ. ಒಮ್ಮೆ ಹರಿದು ಸುಮ್ಮನಾದಾಗ ಅದರ ಮೇಲೆ ಮಣ್ಣು ಹುಟ್ಟಿತು. ಮತ್ತೆ ಬೆಂಕಿ ಹರಿದು ಆ ಮಣ್ಣನ್ನು ಸುಟ್ಟು ಕೆಂಪಗೆ ಮಾಡಿತು ಎಂದು ಅವಳು ಅಲ್ಲೇ ಲೆಕ್ಕ ಹಾಕಿದಳು.

"ಆಯಿ, ಮುತ್ಯಾ ಅಂದದ್ದು ಖರೇನ! ಇದು ಒಲಿನ! ಕೆಂಪು ಅಂದ್ರ ಸುಮ್ನಿದ್ದ ಕಾಲ. ಆ ದ್ವೀಪದಾಗೂ ಹಿಂಗ ನೋಡಿರತಾರ!" ಎಂದವಳು ಥಟ್ಟನೆ ನಿಂತು, "ಸೋಮವಾರ ಇದನ್ನ ಮುಚ್ಚತಾರಲ್ಲ?" ಎಂದಳು.

ಅಷ್ಟರಲ್ಲಿ ಮಗ ದ್ರಾಕ್ಷಿ ಸಾಲಿನಿಂದ ಕತ್ತರಿ ಹಿಡಿದು ಬಂದ. ಮೊಮ್ಮಗಳು ನನ್ನ ಮುಖ ನೋಡಿದಳು. ಅವಳೇ ಹೇಳಬಹುದಿತ್ತು, ಆ ಮಾತನ್ನು ನನಗೇ ಬಿಟ್ಟಳು. ಅದಕ್ಕೆ ನಾನು ಇಂದಿಗೂ ಅವಳ ಉಪಕಾರ ನೆನೆಯುತ್ತೇನೆ.

"ಈ ಬಾವಿ ಮುಚ್ಚಬ್ಯಾಡಪ್ಪ," ಎಂದೆ. "ನಿಮ್ಮಪ್ಪ ತೋಡಿದ್ದು."

"ಯವ್ವಾ, ಮೊದಲ ಹೇಳಬಾರದೇನ ಬೇ? ಬಬಲೇಶ್ವರದ ಟ್ರ್ಯಾಕ್ಟರಿನವಗ ಹೇಳಿಬಿಟ್ಟೇನಿ."

"ಹೇಳಾಕತ್ತಿದ್ದೆ. ನಾಕ ದಿನಾ ಆತು."

"ಒಂದ ಮಾತ ಹೇಳಾಕ ನಾಕ ದಿನಾ?"

"ಅಪ್ಪಾ, ಎರಡನೂರು ವರ್ಷ ಸುಮ್ನಿದ್ದು ಸಿಡಿಯೂದಕಿಂತ ಚೊಲೊ ಅಲ್ಲೇನ?" ಎಂದಳು ಮಗಳು. ಅವನಿಗೆ ನಗು ತಡೆಯಲಾಗಲಿಲ್ಲ.

ಶೆಡ್ಡು ಆಚೆ ಬದಿಗೆ ಎದ್ದಿತು. ಅದಕ್ಕಾಗಿ ಕಾಯಿ ಬಿಡುತ್ತಿದ್ದ ಒಂದು ಸಾಲು ದ್ರಾಕ್ಷಿ ಬಳ್ಳಿ ಕಡಿಯಬೇಕಾಯಿತು. ನಿಮ್ಮ ದೊಡ್ಡಪ್ಪ ಆ ಮಾತನ್ನು ಇವತ್ತಿನವರೆಗೆ ಎತ್ತಿಲ್ಲ. ಬಾವಿಗೆ ಕಬ್ಬಿಣದ ಜಾಳಿಗೆಯನ್ನೂ ಅವನೇ ಹಾಕಿಸಿದ. ಇಂಥ ಮಗನನ್ನು ಕೊಟ್ಟ ದೇವರಿಗೆ ದಿನಾ ಕೈ ಮುಗಿಯುತ್ತೇನೆ.

ಸೋಮವಾರ ದೊಡ್ಡಕ್ಕ ಊಟದ ಡಬ್ಬಿಯಲ್ಲಿ ಕೆಂಪು ಮಣ್ಣಿನ ಹೆಂಟೆ ಇಟ್ಟುಕೊಂಡು ಹೋದಳು. ಟೀಚರ್ ಅದೇ ಪ್ರಶ್ನೆ ಕೇಳಿದರಂತೆ. ಅವಳು ಡಬ್ಬಿ ತೆರೆದು ತೋರಿಸಿದಳಂತೆ.

ನೀವು ರಜೆಗೆ ಬಂದಾಗ ಜಾಳಿಗೆಯ ಮೇಲಿಂದ ಬಗ್ಗಿ ನೋಡಿರಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಕೆಂಪು ಪಟ್ಟಿಗೆ ಬಿಸಿಲು ತಾಗುತ್ತದೆ. ಮುತ್ಯಾ ಮತ್ತು ನಾನು ಅಂದು ನಕ್ಕಿದ್ದು ಅದರ ಎದುರಿಗೇ.